ಇಲ್ಲದ ಲೋಕದ ಕಾವಲುಗಾರರು

ಹೋದ ವರ್ಷ ಶ್ರಾವಣದ ಮಳೆಯಲ್ಲಿ ಇಂಗ್ಲೆಂಡಿನಿಂದ ನನ್ನ ತಂಗಿಯ ಮಕ್ಕಳಿಬ್ಬರು ಬಂದು ಹದಿನೈದು ದಿನ ನಮ್ಮ ಮನೆಯಲ್ಲಿದ್ದರು. ಅಣ್ಣನಿಗೆ ಹತ್ತೊಂಬತ್ತು, ತಂಗಿಗೆ ಹದಿನಾಲ್ಕು. ಹೊರಗೆ ಕಾಲಿಡಲಾಗದ ಮಳೆ, ಒಳಗೆ ಇವರಿಬ್ಬರ ಜಗಳ. ಜಗಳ ತಿಂಡಿಗಲ್ಲ, ಕಿಟಕಿಯ ಪಕ್ಕದ ಮಂಚಕ್ಕೂ ಅಲ್ಲ. ಬಿಬಿಸಿಯ ‘ಡಾಕ್ಟರ್ ಹೂ’ ಎಂಬ ವೈಜ್ಞಾನಿಕ ಧಾರಾವಾಹಿಯಲ್ಲಿ ಯಾವ ಡಾಕ್ಟರ್ ಶ್ರೇಷ್ಠ ಎಂಬುದೇ ಜಗಳದ ವಿಷಯ.

ಗೊತ್ತಿಲ್ಲದವರಿಗೆ ಎರಡು ಮಾತು. ಈ ಡಾಕ್ಟರ್ ಬೇರೊಂದು ಗ್ರಹದ ಜೀವಿ. ನೀಲಿ ಬಣ್ಣದ ಪೊಲೀಸ್ ಪೆಟ್ಟಿಗೆಯೊಂದರಲ್ಲಿ ಕಾಲ, ದೇಶಗಳನ್ನು ದಾಟಿ ತಿರುಗುತ್ತಾನೆ. ಆ ಪೆಟ್ಟಿಗೆ ಹೊರಗಿನಿಂದ ನೋಡಿದರೆ ಚಿಕ್ಕದು, ಒಳಗೆ ಹೋದರೆ ಅರಮನೆ. ಸಾಯುವ ಹೊತ್ತು ಬಂದರೆ ಸಾಯದೆ ಹೊಸ ದೇಹ ತಾಳುತ್ತಾನೆ. ಮೊದಲ ನಟ ವಿಲಿಯಂ ಹಾರ್ಟ್‌ನೆಲ್ ಅವರ ಆರೋಗ್ಯ ಕೆಟ್ಟಾಗ, 1966ರಲ್ಲಿ, ಧಾರಾವಾಹಿಯನ್ನು ಉಳಿಸಿಕೊಳ್ಳಲು ಹೂಡಿದ ಉಪಾಯವಿದು. ನಟ ಬದಲಾದರೂ ಪಾತ್ರ ಮುಂದುವರಿಯುತ್ತದೆ. ಹೀಗಾಗಿ ಪ್ರತಿ ತಲೆಮಾರಿಗೂ ತನ್ನದೇ ಒಬ್ಬ ಡಾಕ್ಟರ್.

ಅಣ್ಣನ ಪಾಲಿಗೆ 1974ರಿಂದ 1981ರವರೆಗೆ ಆ ಪಾತ್ರ ಮಾಡಿದ ಟಾಮ್ ಬೇಕರ್ ಒಬ್ಬರೇ ಡಾಕ್ಟರ್. ಅವನು ಹುಟ್ಟುವ ಮೊದಲೇ ಮುಗಿದ ಕಾಲವದು! ತಂಗಿಗೆ 2018ರಿಂದ 2022ರವರೆಗೆ ಡಾಕ್ಟರ್ ಆಗಿದ್ದ ಜೋಡಿ ವಿಟ್ಟೇಕರ್. ಆ ಪಾತ್ರ ವಹಿಸಿಕೊಂಡು ಧಾರಾವಾಹಿಯ ನಾಯಕಿಯಾದ ಮೊದಲ ಹೆಣ್ಣುಮಗಳು. ತಂಗಿ ಆ ಹೆಸರು ಹೇಳಿದ್ದೇ ತಡ, ಅಣ್ಣ ನಕ್ಕ. “ನೀನು ನಿಜವಾದ ಅಭಿಮಾನಿಯೇ ಅಲ್ಲ. ಹೇಳು ನೋಡೋಣ, ಡಾಲೆಕ್‌ಗಳ ಗ್ರಹ ಯಾವುದು?” ಹುಡುಗಿ “ಸ್ಕಾರೋ” ಎಂದಳು. “ಅವುಗಳನ್ನು ಸೃಷ್ಟಿಸಿದ ಲೇಖಕ ಯಾರು?” ಹುಡುಗಿ ತಡವರಿಸಿದಳು. “ಟೆರ್ರಿ ನೇಷನ್! ಅಷ್ಟೂ ಗೊತ್ತಿಲ್ಲ, ವಾದಕ್ಕೆ ಬಂದುಬಿಟ್ಟಳು.” ಅಲ್ಲಿಗೆ ಅವಳ ಮಾತು ನಿಂತಿತು. ಆಮೇಲೆ ಮೂರು ದಿನ ಆ ಧಾರಾವಾಹಿಯ ಸುದ್ದಿಯನ್ನೇ ಅವಳು ಎತ್ತಲಿಲ್ಲ.

ನನ್ನನ್ನು ಚುಚ್ಚಿದ್ದು ಜಗಳವಲ್ಲ, ಆ ಮೌನ. ಮೂವತ್ತು ವರ್ಷ ಪ್ರಶ್ನೆಪತ್ರಿಕೆ ತೆಗೆದವಳು ನಾನು. ಪ್ರಶ್ನೆಗಳಲ್ಲಿ ಎರಡು ಜಾತಿ ಇವೆಯೆಂದು ನನಗೆ ಚೆನ್ನಾಗಿ ಗೊತ್ತು. ಮಗುವಿಗೆ ಏನು ಗೊತ್ತಿದೆ ಎಂದು ತಿಳಿಯಲು ಕೇಳುವುದು ಒಂದು. ಮಗುವಿನ ಬಾಯಿ ಮುಚ್ಚಿಸಲು ಕೇಳುವುದು ಇನ್ನೊಂದು. ಎರಡನೆಯ ಜಾತಿಯ ಪ್ರಶ್ನೆಗೆ ಸರಿಯುತ್ತರವೇ ಇರುವುದಿಲ್ಲ. ಒಂದಕ್ಕೆ ಉತ್ತರಿಸಿದರೆ ಅದರ ಹಿಂದೆ ಮತ್ತೊಂದು ಕಾದಿರುತ್ತದೆ.

ಇಂಥ ಜಗಳದ ಮಾತೆತ್ತಿದರೆ ನಮ್ಮ ಸ್ಟಾಫ್ ರೂಮಿನ ಗಂಭೀರ ಮಂದಿ ಮುಸಿಮುಸಿ ನಗುತ್ತಾರೆ. “ಇಲ್ಲದ ಗ್ರಹ, ಇಲ್ಲದ ಜನ, ಅವರಿಗಾಗಿ ಇವರ ಹೊಡೆದಾಟ. ಕೆಲಸವಿಲ್ಲದವರ ಕೆಲಸ” ಎನ್ನುತ್ತಾರೆ. ಈ ಮಾತನ್ನು ನಾನು ಒಪ್ಪಲಾರೆ. ತಾಳಮದ್ದಳೆಯಲ್ಲಿ ವಾಲಿಯನ್ನು ಕೊಂದದ್ದು ಸರಿಯೋ ತಪ್ಪೋ ಎಂದು ಬೆಳಗಿನ ಜಾವದವರೆಗೆ ವಾದ ನಡೆದರೆ ಕಣ್ಣುಜ್ಜಿಕೊಂಡು ಕೂತು ಕೇಳುವವರು ನಾವು. ಮನೆಗೆ ಮರಳುವಾಗ ದಾರಿಯುದ್ದಕ್ಕೂ ಅದೇ ವಾದವನ್ನು ಮುಂದುವರಿಸುವವರೂ ನಾವೇ. ಕಥೆಯ ಬಗ್ಗೆ ಜಗಳವಾಡುವುದು ಕಥೆಯನ್ನು ಗಂಭೀರವಾಗಿ ತೆಗೆದುಕೊಂಡಿದ್ದೇವೆ ಎಂಬುದರ ಗುರುತು. ಅದರಲ್ಲಿ ನಾಚಿಕೆಪಡುವಂಥದ್ದೇನಿದೆ?

ಅಷ್ಟೇ ಅಲ್ಲ, ಈ ಜಗಳಗಂಟರಿಂದಲೇ ಎಷ್ಟೋ ಧಾರಾವಾಹಿಗಳು ಉಳಿದವು. ಅಮೆರಿಕದ ‘ಸ್ಟಾರ್ ಟ್ರೆಕ್’ ಅನ್ನೇ ನೋಡಿ. 1980ರ ದಶಕದಲ್ಲಿ ನಮ್ಮ ದೂರದರ್ಶನದಲ್ಲೂ ಅದು ಬರುತ್ತಿತ್ತು. ಪಕ್ಕದ ಮನೆಯ ಕಪ್ಪುಬಿಳುಪು ಪೆಟ್ಟಿಗೆಯ ಮುಂದೆ ಚಾಪೆ ಹಾಕಿ ಕೂತು, ಅರ್ಧ ಇಂಗ್ಲಿಷ್ ಅರ್ಥವಾಗದಿದ್ದರೂ ಚೂಪುಕಿವಿಯ ಸ್ಪಾಕ್‌ನನ್ನು ಮೆಚ್ಚಿಕೊಂಡವರಲ್ಲಿ ನಾನೂ ಒಬ್ಬಳು. 1966ರಲ್ಲಿ ಎನ್‌ಬಿಸಿಯಲ್ಲಿ ಶುರುವಾದ ಆ ಧಾರಾವಾಹಿ ಎರಡೇ ವರ್ಷಕ್ಕೆ ನಿಲ್ಲುವ ಸ್ಥಿತಿಗೆ ಬಂದಿತ್ತು. ಆಗ ಬೀಜೋ ಟ್ರಿಂಬಲ್ ಎಂಬ ಗೃಹಿಣಿ ತನ್ನ ಗಂಡನೊಡನೆ ಸೇರಿ ಪತ್ರ ಚಳವಳಿ ಹೂಡಿದಳು. ವಿದ್ಯಾರ್ಥಿಗಳು ಎನ್‌ಬಿಸಿ ಕಚೇರಿಗೆ ಮೆರವಣಿಗೆ ಹೋದರು. ಒಂದು ಲಕ್ಷಕ್ಕೂ ಮೀರಿ ಪತ್ರಗಳು ಬಂದವೆಂದು ಎನ್‌ಬಿಸಿಯೇ ಹೇಳಿಕೊಂಡಿತು. 1968ರ ಮಾರ್ಚಿನಲ್ಲಿ, ಧಾರಾವಾಹಿ ಮುಂದುವರಿಯುತ್ತದೆಂದು ತೆರೆಯ ಮೇಲೆಯೇ ಘೋಷಣೆಯಾಯಿತು. ಮೂರನೆಯ ವರ್ಷ ದೊರೆತದ್ದು ಹೀಗೆ. ಅದು ನಿಂತ ಮೇಲೂ ಈ ಮಂದಿ ಸುಮ್ಮನಾಗಲಿಲ್ಲ. ಪತ್ರಗಳ ಮತ್ತೊಂದು ಮಳೆಗರೆದು 1976ರಲ್ಲಿ ನಾಸಾದ ಮೊದಲ ಷಟಲ್ ನೌಕೆಗೆ ‘ಎಂಟರ್‌ಪ್ರೈಸ್’ ಎಂಬ ಹೆಸರು ಬರುವಂತೆ ಮಾಡಿದರು.

‘ಡಾಕ್ಟರ್ ಹೂ’ ಅಭಿಮಾನಿಗಳದ್ದು ಇದಕ್ಕಿಂತ ಸೋಜಿಗದ ಕಥೆ. 1960 ಮತ್ತು 70ರ ದಶಕಗಳಲ್ಲಿ ಬಿಬಿಸಿ ತನ್ನ ಹಳೆಯ ಟೇಪುಗಳನ್ನು ಅಳಿಸಿಹಾಕಿತು. ಎಷ್ಟೋ ಕಂತುಗಳ ಚಿತ್ರಗಳು ಮಾಯವಾದವು. ಆದರೆ ಕಳೆದುಹೋದ ಪ್ರತಿಯೊಂದು ಕಂತಿನ ಧ್ವನಿಯೂ ಉಳಿದಿದೆ. ಉಳಿಸಿದವರಾರು? ಟಿವಿಯ ಮುಂದೆ ಟೇಪ್ ರೆಕಾರ್ಡರ್ ಇಟ್ಟುಕೊಂಡು, ಪ್ರಸಾರವಾಗುತ್ತಿದ್ದಾಗಲೇ ಧ್ವನಿಮುದ್ರಿಸಿಕೊಂಡ ಹುಚ್ಚು ಹುಡುಗರು. ಅಷ್ಟು ದೊಡ್ಡ ಸಂಸ್ಥೆ ಕಸವೆಂದು ಬಿಸಾಡಿದ್ದನ್ನು ಇವರು ಕಾಪಾಡಿದರು. ಇವರನ್ನೇ ಕೆಲಸವಿಲ್ಲದವರು ಎನ್ನುವುದೇ?

ಆದ್ದರಿಂದ ನನ್ನ ತಕರಾರು ಜಗಳದ ಮೇಲಲ್ಲ, ‘ನಿಜವಾದ ಅಭಿಮಾನಿ’ ಎಂಬ ಮಾತಿನ ಮೇಲೆ. ಪ್ರೀತಿಯಿಂದ ಕಾಪಾಡಿದವರು ಒಂದು ಹಂತದಲ್ಲಿ ಕಾವಲುಗಾರರಾಗಿಬಿಡುತ್ತಾರೆ. ಬಾಗಿಲಲ್ಲಿ ದೊಣ್ಣೆ ಹಿಡಿದು ನಿಂತು, ಬಂದವರ ಚೀಟಿ ಕೇಳತೊಡಗುತ್ತಾರೆ.

2017ರ ಜುಲೈನಲ್ಲಿ ವಿಟ್ಟೇಕರ್ ಆಯ್ಕೆ ಪ್ರಕಟವಾದಾಗ ಎದ್ದ ಗದ್ದಲವನ್ನು ನೆನೆಯಿರಿ. ಅಂದು ಬಂದ ಆಕ್ಷೇಪಗಳಲ್ಲಿ ಗೌರವದಿಂದ ಉತ್ತರಿಸಬೇಕಾದ ಒಂದನ್ನೇ ತೆಗೆದುಕೊಳ್ಳುತ್ತೇನೆ. 1980ರ ದಶಕದಲ್ಲಿ ಡಾಕ್ಟರ್ ಆಗಿದ್ದ ಪೀಟರ್ ಡೇವಿಸನ್, ಇದರಿಂದ ಹುಡುಗರು ಒಬ್ಬ ಆದರ್ಶ ನಾಯಕನನ್ನು ಕಳೆದುಕೊಳ್ಳಬಹುದು ಎಂದು ವಿಷಾದಿಸಿದರು. ಅವರ ನಂತರ ಡಾಕ್ಟರ್ ಆಗಿದ್ದ ಕಾಲಿನ್ ಬೇಕರ್ ಅದನ್ನು ಬಲವಾಗಿ ತಳ್ಳಿಹಾಕಿದರು. ಡೇವಿಸನ್ ಮಾತಿನಲ್ಲಿ ತಿರುಳಿಲ್ಲದೆ ಇಲ್ಲ. ಬಂದೂಕಿಗಿಂತ ಬುದ್ಧಿಯನ್ನೂ ಕರುಣೆಯನ್ನೂ ನಂಬುವ ಗಂಡು ನಾಯಕ ಕಿರುತೆರೆಯಲ್ಲಿ ಅಪರೂಪವೇ. ಆದರೆ ನನ್ನ ತರಗತಿಯ ಹುಡುಗಿಯರನ್ನು ನೋಡಿ. ತೆನಾಲಿ ರಾಮನ ಜಾಣತನಕ್ಕೆ ನಕ್ಕಿದ್ದಾರೆ, ಅಭಿಮನ್ಯುವಿನ ಸಾವಿಗೆ ಅತ್ತಿದ್ದಾರೆ, ಷರ್ಲಾಕ್ ಹೋಮ್ಸನ ಬೆನ್ನು ಹತ್ತಿ ಓಡಿದ್ದಾರೆ. “ನಿಮಗೆ ಆದರ್ಶ ಸಿಕ್ಕಿತೇ?” ಎಂದು ಯಾರಾದರೂ ಅವರನ್ನು ಕೇಳಿದರೇ? ಗಂಡಿನ ಕಥೆಯೊಳಗೆ ಹೊಕ್ಕು ಅದನ್ನು ತನ್ನದಾಗಿಸಿಕೊಳ್ಳುವ ವಿದ್ಯೆಯನ್ನು ಹೆಣ್ಣುಮಕ್ಕಳು ಯಾರ ಪಾಠವೂ ಇಲ್ಲದೆ ಕಲಿತಿದ್ದಾರೆ. ಅದೇ ವಿದ್ಯೆಯನ್ನು ಹುಡುಗರೂ ನಾಲ್ಕು ವರ್ಷ ಅಭ್ಯಾಸ ಮಾಡಿದರೆ ನಷ್ಟವೇನು? ನನ್ನ ಮಟ್ಟಿಗೆ ಅದು ಲಾಭವೇ.

‘ಇದು ನಮ್ಮದು, ಈಗ ಹೆಂಗಸರು ಬಂದು ಕೆಡಿಸಿದರು’ ಎನ್ನುವ ಇನ್ನೊಂದು ಬಗೆಯ ಆಕ್ಷೇಪವಂತೂ ಚರಿತ್ರೆಯನ್ನೇ ಅರಿಯದ್ದು. 1963ರ ನವೆಂಬರ್ 23ರಂದು ಈ ಧಾರಾವಾಹಿ ಆರಂಭವಾದಾಗ ಅದರ ನಿರ್ಮಾಪಕಿ ವೆರಿಟಿ ಲ್ಯಾಂಬರ್ಟ್. ವಯಸ್ಸು ಇಪ್ಪತ್ತೇಳು. ಬಿಬಿಸಿಯ ನಾಟಕ ವಿಭಾಗದಲ್ಲಿ ಆಗ ಇದ್ದ ಒಬ್ಬಳೇ ನಿರ್ಮಾಪಕಿ. ಮೊದಲ ಕಥೆಯನ್ನು ನಿರ್ದೇಶಿಸಿದವರು ವಾರಿಸ್ ಹುಸೇನ್, ನಮ್ಮ ಲಖನೌದಲ್ಲಿ ಹುಟ್ಟಿದವರು, ಆಗಿನ್ನೂ ಇಪ್ಪತ್ತನಾಲ್ಕರ ಹರೆಯ. ಕೇಳಿದರೆ ಮೈ ಜುಮ್ಮೆನ್ನುವ ಆ ಶೀರ್ಷಿಕೆ ಸಂಗೀತಕ್ಕೆ ರಾಗ ಹಾಕಿದವರು ರಾನ್ ಗ್ರೇನರ್. ಆದರೆ ಸಿಂಥಸೈಜರ್ ಯಂತ್ರಗಳು ಬಳಕೆಗೆ ಬರುವ ಮೊದಲೇ ಟೇಪಿನ ತುಂಡುಗಳನ್ನು ಕತ್ತರಿಸಿ, ಜೋಡಿಸಿ ಆ ವಿಚಿತ್ರ ನಾದವನ್ನು ಹುಟ್ಟಿಸಿದವಳು ಡೆಲಿಯಾ ಡರ್ಬಿಶೈರ್. ಶ್ರೇಯಸ್ಸಿನಲ್ಲಿ ಆಕೆಗೂ ಪಾಲು ಸಲ್ಲಬೇಕೆಂದು ಗ್ರೇನರ್ ಅವರೇ ಬಯಸಿದರು. ಬಿಬಿಸಿಯ ನಿಯಮ ಅಡ್ಡಬಂತು. ಆಕೆಯ ಹೆಸರು ಆ ಧಾರಾವಾಹಿಯಲ್ಲಿ ತೆರೆಯ ಮೇಲೆ ಬಂದದ್ದು 2013ರ ಐವತ್ತನೆಯ ವರ್ಷದ ವಿಶೇಷ ಕಂತಿನಲ್ಲಿ. ಅಷ್ಟರಲ್ಲಿ ಆಕೆ ತೀರಿಕೊಂಡು ಹನ್ನೆರಡು ವರ್ಷವಾಗಿತ್ತು.

ಇನ್ನು ‘ಸ್ಟಾರ್ ಟ್ರೆಕ್’ನ ಮೊದಲ ಅಭಿಮಾನಿ ಪತ್ರಿಕೆಯನ್ನು 1967ರಲ್ಲಿ ಹೊರತಂದವರೂ ಇಬ್ಬರು ಹೆಣ್ಣುಮಕ್ಕಳೇ. ಅದರ ಒಳ್ಳೆಯ ಕಥೆಗಳಲ್ಲಿ ಕೆಲವನ್ನು ಬರೆದ ಡಿ.ಸಿ. ಫಾಂಟಾನಾ ಹೆಣ್ಣೆಂಬುದು ಮುಂದಾಗಿ ತಿಳಿಯದಿರಲೆಂದೇ ಡೊರೊಥಿ ಎಂಬ ಹೆಸರನ್ನು ಅಕ್ಷರಗಳ ಹಿಂದೆ ಅಡಗಿಸಿಕೊಂಡವಳು. ಮನೆ ಕಟ್ಟಿದವರನ್ನೇ ಬಾಗಿಲಲ್ಲಿ ನಿಲ್ಲಿಸಿ ‘ನೀವು ಯಾರು?’ ಎಂದು ಕೇಳುವ ಕಾವಲುಗಾರರಿಗೆ ಏನೆನ್ನಬೇಕು?

ಇಷ್ಟು ಹೇಳಿದ ಮೇಲೆ, ನನ್ನ ಕಡೆಯವರೆಂದು ಹೇಳಿಕೊಳ್ಳುವವರಿಗೂ ಒಂದು ಮಾತು ಹೇಳದಿದ್ದರೆ ಅನ್ಯಾಯವಾದೀತು. ವಿಟ್ಟೇಕರ್ ಕಾಲದ ಕಥೆಗಳೆಲ್ಲ ಚೆನ್ನಾಗಿದ್ದವೆಂದು ನಾನು ಹೇಳುವುದಿಲ್ಲ. ಕೆಲವು ನೀರಸ, ಕೆಲವು ಕಡೆ ಉಪದೇಶ ಹೆಚ್ಚಾಯಿತು. 2020ರಲ್ಲಿ ಡಾಕ್ಟರನ ಮೂಲವನ್ನೇ ಬದಲಿಸಿದ ಕಥೆಯ ಮೇಲೆ ಹಳಬರಿಗೆ ಬಂದ ಸಿಟ್ಟು ಸಹಜವಾದದ್ದೇ. ಅದರ ಬಗ್ಗೆ ಬೇಕಾದಷ್ಟು ವಾದ ಮಾಡಲಿ. ಅದನ್ನು ಟೀಕಿಸಿದವರೆಲ್ಲ ಸ್ತ್ರೀದ್ವೇಷಿಗಳು ಎಂದು ಹಣೆಪಟ್ಟಿ ಅಂಟಿಸುವುದೂ ಬಾಯಿ ಮುಚ್ಚಿಸುವ ಇನ್ನೊಂದು ಬಗೆಯೇ. ಕಥೆ ಕೆಟ್ಟಿತು ಎಂಬುದು ವಾದ. ಹೆಣ್ಣು ಬಂದಳು ಎಂಬುದು ವಾದವಲ್ಲ, ಬರೀ ಗೊಣಗಾಟ. ಈ ಎರಡನ್ನೂ ಬೇರೆಬೇರೆಯಾಗಿ ಕಾಣುವ ವಿವೇಕ ಎರಡೂ ಕಡೆಯವರಿಗೆ ಬೇಕು.

ಅದೇ ಕಾಲದ್ದೇ ಇನ್ನೊಂದು ಕಂತಿದೆ, 2018ರದ್ದು. ವಿನಯ್ ಪಟೇಲ್ ಬರೆದದ್ದು. ಡಾಕ್ಟರ್ 1947ರ ಪಂಜಾಬಿಗೆ ಬರುತ್ತಾಳೆ. ಗಡಿ ಎಳೆಯುತ್ತಿರುವ ಹೊತ್ತಿನಲ್ಲಿ ಒಬ್ಬ ಹಿಂದೂ ಹುಡುಗನಿಗೂ ಒಬ್ಬ ಮುಸ್ಲಿಂ ಹುಡುಗಿಗೂ ಮದುವೆ ಮಾಡಿಸುತ್ತಾಳೆ. ಆ ಹುಡುಗನ ಸಾವಿಗೆ ಕಾರಣರಾಗುವವರು ಬೇರೆ ಗ್ರಹದ ರಾಕ್ಷಸರಲ್ಲ, ಒಡಹುಟ್ಟಿದ ತಮ್ಮ ಮತ್ತು ಅವನ ಹಿಂದೆ ಬಂದ ಜನ. ಬೇರೆ ಗ್ರಹದಿಂದ ಬಂದವರು, ಯಾರೂ ಕಾಣದೆ ಸಾಯುವವರಿಗೆ ಸಾಕ್ಷಿಯಾಗಿ ನಿಲ್ಲುತ್ತಾರೆ, ಅಷ್ಟೆ. ‘ಧಾರಾವಾಹಿ ಕೆಟ್ಟಿತು’ ಎಂದು ಕೂಗುತ್ತಿದ್ದವರಲ್ಲಿ ಎಷ್ಟು ಜನ ಇದನ್ನು ನೋಡುವ ತಾಳ್ಮೆ ತೋರಿದರೋ ಕಾಣೆ. ನಾನು ನೋಡಿದೆ, ಅತ್ತೆ. ವಿಭಜನೆಯ ಪಾಠವನ್ನು ಎಷ್ಟೋ ವರ್ಷ ಮಾಡಿದವಳು ನಾನು. ಇಸವಿಗಳನ್ನು ಕಲಿಸಿದ್ದೇನೆ, ಆ ಅಂಗಳವನ್ನು ಕಲಿಸಲು ನನ್ನಿಂದ ಆಗಿರಲಿಲ್ಲ.

ಕಾವಲುಗಾರರಿಗೆ ಇನ್ನೊಂದು ಪ್ರಸಂಗ ನೆನಪಿಸಬೇಕು. 1986ರಲ್ಲಿ ಬಿಬಿಸಿಯದೇ ಒಂದು ಚರ್ಚಾ ಕಾರ್ಯಕ್ರಮಕ್ಕೆ ಹದಿನಾರು ವರ್ಷದ ಒಬ್ಬ ಅಭಿಮಾನಿ ಹುಡುಗ ಬಂದ. ಆ ವರ್ಷದ ‘ಡಾಕ್ಟರ್ ಹೂ’ ಕಥೆ ಚೆನ್ನಾಗಿಲ್ಲವೆಂದು ಅದರ ಲೇಖಕರ ಎದುರಿಗೇ ಟೀಕಿಸಿದ. ಅವನ ಹೆಸರು ಕ್ರಿಸ್ ಚಿಬ್ನಾಲ್. ಮೂವತ್ತೆರಡು ವರ್ಷಗಳ ನಂತರ ಅದೇ ಧಾರಾವಾಹಿಯ ಸೂತ್ರಧಾರನಾಗಿ ವಿಟ್ಟೇಕರ್ ಅವರನ್ನು ತೆರೆಗೆ ತಂದವನು ಅವನೇ. ಆಗ ಅವನ ಕಥೆ ಚೆನ್ನಾಗಿಲ್ಲವೆಂದು ಸಾವಿರಾರು ಹುಡುಗರು ಬೈದರು! ವಿಟ್ಟೇಕರ್‌ಗಿಂತ ಮೊದಲು ಡಾಕ್ಟರ್ ಆಗಿದ್ದ ಪೀಟರ್ ಕಪಾಲ್ಡಿಯೂ ಹದಿನೈದರ ಹರೆಯದಲ್ಲಿ, 1974ರಲ್ಲಿ, ‘ರೇಡಿಯೋ ಟೈಮ್ಸ್’ ಪತ್ರಿಕೆಗೆ ಈ ಧಾರಾವಾಹಿಯ ಬಗ್ಗೆ ಅಭಿಮಾನದ ಪತ್ರ ಬರೆದಿದ್ದವರು. ಎಂದರೆ, ಇಂದು ಜಗಲಿಯಲ್ಲಿ ಕೂತು ತಪ್ಪುತಪ್ಪಾಗಿ ವಾದಿಸುವ ಮಗುವೇ ನಾಳೆ ಕಥೆ ಬರೆಯುವ ಮಗು. ಅದನ್ನು ಬಾಗಿಲಲ್ಲೇ ಬೆದರಿಸಿ ಓಡಿಸಿದರೆ ಮುಂದೆ ಕಥೆ ನಡೆಸುವವರು ಯಾರು? ಕಾವಲುಗಾರರ ಕೈಯಲ್ಲಿ ಕೊನೆಗೆ ಉಳಿಯುವುದು ಖಾಲಿ ಮನೆ ಮತ್ತು ಬೀಗದ ಕೈ.

ನಾಲ್ಕನೆಯ ದಿನ ಸಂಜೆ ಹುಡುಗನನ್ನು ಕರೆದು ಕೂರಿಸಿದೆ. “ನೀನು ನಿಜವಾದ ಅಭಿಮಾನಿಯಲ್ಲವೇ, ಹೇಳು. ಈ ಧಾರಾವಾಹಿಯ ಮೊದಲ ನಿರ್ಮಾಪಕರು ಯಾರು? ಆ ಸಂಗೀತಕ್ಕೆ ನಾದ ಕೊಟ್ಟವರು ಯಾರು?” ಅವನಿಗೆ ಎರಡೂ ಗೊತ್ತಿರಲಿಲ್ಲ. ಕಿವಿ ಕೆಂಪಾಯಿತು. ತಂಗಿ ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಒಂದು ಕ್ಷಣ ನನಗೆ ಗೆದ್ದ ಸಂತೋಷವಾಯಿತು. ಮರುಕ್ಷಣವೇ, ನಾನು ಕೇಳಿದ್ದೂ ಎರಡನೆಯ ಜಾತಿಯ ಪ್ರಶ್ನೆಯೇ ಅಲ್ಲವೇ ಎಂದು ನಾಚಿಕೆಯಾಯಿತು. ಉತ್ತರವನ್ನು ನಾನೇ ಹೇಳಿದೆ, ಲ್ಯಾಂಬರ್ಟ್ ಮತ್ತು ಡರ್ಬಿಶೈರ್ ಕಥೆಯನ್ನೂ ಹೇಳಿದೆ. ಅವನು ಸುಮ್ಮನೆ ಕೇಳಿದ. ಆಮೇಲೆ ಮೆಲ್ಲಗೆ ತಂಗಿಯ ಕಡೆ ತಿರುಗಿ, “ಅದೇನೋ ಪಂಜಾಬಿನ ಕಂತು ಅಂದೆಯಲ್ಲ, ನಾನು ನೋಡಿಲ್ಲ, ಹಾಕು” ಎಂದ.

ನೋಡಿದರು. ಮುಗಿದ ಕೂಡಲೇ ಮತ್ತೆ ಜಗಳ ಶುರುವಾಯಿತು. ಡಾಕ್ಟರ್ ಅಲ್ಲಿ ಆ ಹುಡುಗನನ್ನು ಉಳಿಸಬಹುದಿತ್ತು ಎಂದು ಇವನು, ಉಳಿಸಿದ್ದರೆ ಚರಿತ್ರೆಯೇ ಬದಲಾಗಿ ಮೊಮ್ಮಗಳೇ ಹುಟ್ಟುತ್ತಿರಲಿಲ್ಲ ಎಂದು ಅವಳು. ಹುಡುಗಿಯ ದನಿ ಅಣ್ಣನ ದನಿಗಿಂತ ಒಂದು ಪಟ್ಟು ಮೇಲಿತ್ತು. ಊಟಕ್ಕೆ ಮೂರು ಸಲ ಕರೆದರೂ ಇಬ್ಬರೂ ಏಳಲಿಲ್ಲ. ನಾಲ್ಕನೆಯ ಸಲ ನಾನು ಕರೆಯಲಿಲ್ಲ.