ಎರಡು ಕಚೇರಿ, ಒಂದು ಗಾಜಿನೆಳೆ

ಒಂದೇ ಆವರಣದ ಎರಡು ಕಟ್ಟಡಗಳ ಕಚೇರಿಗಳನ್ನು ನೆಟ್‌ವರ್ಕ್‌ನಿಂದ ಜೋಡಿಸುವ ಕೆಲಸ ನಿಮ್ಮ ಪಾಲಿಗೆ ಬಂದರೆ, ಅಗ್ಗವೆಂದು ತಾಮ್ರದ ಕೇಬಲ್ ಎಳೆಯಬೇಡಿ. ಅದರ ಮಿತಿ 100 ಮೀಟರ್. ಮೇಲಾಗಿ, ಮಳೆಗಾಲದಲ್ಲಿ ಹತ್ತಿರ ಸಿಡಿಲು ಬಡಿದರೆ ವಿದ್ಯುತ್ತು ಅದರಗುಂಟ ನುಗ್ಗಿ ಎರಡೂ ಕಡೆಯ ಸ್ವಿಚ್‌ಗಳು ಸುಟ್ಟಾವು. ಫೈಬರ್‌ನ ಗಾಜಿನೆಳೆಯಲ್ಲಿ ಹರಿಯುವುದು ಬೆಳಕು, ಆ ಭಯವಿಲ್ಲ. ಲೋಹದ ಕವಚವಿಲ್ಲದ ಕೇಬಲನ್ನು ಕೊಳವೆಯೊಳಗೆ ಹಾಕಿಸಿ.

ಎರಡೂ ಸ್ವಿಚ್‌ಗಳಲ್ಲಿ ಒಂದಕ್ಕೊಂದು ಹೊಂದುವ ಮಾಡ್ಯೂಲ್‌ಗಳಿರಲಿ. ಇಲ್ಲಿ ಕಳಿಸುವ ಎಳೆ ಅಲ್ಲಿ ಪಡೆಯುವ ಕಿಂಡಿಗೆ ಸೇರಬೇಕು. ಸ್ವಿಚ್ಚಿನ ದೀಪ ಹತ್ತದಿದ್ದರೆ ಮೊದಲು ಇದನ್ನೇ ನೋಡಿ. ಆದರೆ ಎಳೆಯ ತುದಿಗೆ ಕಣ್ಣಿಟ್ಟು ನೋಡಬೇಡಿ. ಕಾಣದ ಲೇಸರ್ ಕಣ್ಣಿಗೆ ಕೇಡು.

ಬೇಕಾದದ್ದು ಎರಡೆಳೆಯಾದರೂ ಆರೆಳೆಯ ಕೇಬಲ್ ಹಾಕಿಸಿ. ದೊಡ್ಡ ಖರ್ಚು ಗಾಜಿಗಲ್ಲ, ನೆಲ ಅಗೆಯುವುದಕ್ಕೆ. ಒಂದೆಳೆ ಕೆಟ್ಟ ದಿನ ನಿಮ್ಮ ಮುಂದಾಲೋಚನೆಯೇ ಕಚೇರಿಯ ಕೆಲಸ ನಿಲ್ಲದಂತೆ ಕಾಯುತ್ತದೆ.