ಮಳೆ ಬಂದರೆ ಚೆನ್ನಾಗಿರುತ್ತದೆ

ಇಂಗ್ಲಿಷಿನ ‘ವುಡ್’ ಎಂದರೆ ನಮ್ಮಲ್ಲಿ ಅನೇಕರಿಗೆ ಅಂಜಿಕೆ. ‘ಇಟ್ ವುಡ್ ಬಿ ಗುಡ್ ಇಫ್ ಇಟ್ ರೇನ್ಡ್’ ಎಂಬಲ್ಲಿ ಇನ್ನೂ ಬಾರದ ಮಳೆಗೆ ಭೂತಕಾಲವೇಕೆಂದು ನಾನೂ ತೊಳಲಿದ್ದುಂಟು. ಉತ್ತರ ನಮ್ಮ ಬಡವನಹಳ್ಳಿಯ ಹೊಲದಲ್ಲಿಯೇ ಇತ್ತು. ಕಡಲೆಕಾಯಿ ಬಿತ್ತಿ ಮುಗಿಲು ನೋಡುವ ತಂದೆಯವರು ‘ಮಳೆ ಬಂದರೆ ಚೆನ್ನಾಗಿರುತ್ತೆ’ ಎನ್ನುತ್ತಾರೆ; ಬೆಳೆ ಒಣಗಿದ ಮೇಲೆ ‘ಬಂದಿದ್ದರೆ ಚೆನ್ನಾಗಿರುತ್ತಿತ್ತು’ ಎನ್ನುತ್ತಾರೆ. ‘ಬಂದರೆ’ ಎಂಬುದರಲ್ಲಿಯೂ ಅಡಗಿರುವುದು ‘ಬಂದ’ ಎಂಬ ಭೂತರೂಪವೇ ಅಲ್ಲವೆ? ಮೊದಲನೆಯದು ಆಸೆ, ಎರಡನೆಯದು ‘ವುಡ್ ಹ್ಯಾವ್ ಬೀನ್ ಗುಡ್’, ಕೈತಪ್ಪಿದುದರ ಕೊರಗು. ಇಂಗ್ಲಿಷು ಗುಣವಾಚಕಕ್ಕೆ ಮೊದಲು ಸಹಾಯಕ ಕ್ರಿಯಾಪದವನ್ನಿಡುತ್ತದೆ, ಕನ್ನಡ ಕೊನೆಗೆ ಪ್ರತ್ಯಯ ಸೇರಿಸುತ್ತದೆ, ಭೇದವಿಷ್ಟೆ. ಹಳ್ಳಿಯಿಂದ ಬಂದ ನಮಗೆ ಇಂಗ್ಲಿಷ್ ವ್ಯಾಕರಣವನ್ನು ಮನೆಮಾತಿನ ಮೂಲಕ ಕಲಿಸಬೇಕೆಂದು ಗುರುಗಳಲ್ಲಿ ನನ್ನ ಬಿನ್ನಹ. ‘ಕಲಿಸಿದ್ದರೆ’ ಎಂದು ಮುಂದೆ ಕೊರಗುವುದಕ್ಕಿಂತ ಈಗಲೇ ಕಲಿಸಿದರೆ ಚೆನ್ನಾಗಿರುತ್ತದೆ.