ಚೆಂಡೆಗೆ ಎಷ್ಟು ವ್ಯಾಟ್ ಬೇಕು?

ಚೌತಿ ಹತ್ತಿರವಾದಂತೆ ನೆರೂಳ್‌ನ ನಮ್ಮವರಲ್ಲಿ ಹಲವರು ಕಾರಲ್ಲೇ ಊರಿಗೆ ಹೊರಡುತ್ತಾರೆ. ಪನ್ವೇಲ್‌ನಲ್ಲಿ ಹಿಡಿದ ರಾಷ್ಟ್ರೀಯ ಹೆದ್ದಾರಿ 66 ಕಾರವಾರ, ಉಡುಪಿ ದಾಟಿಸಿ ಮಂಗಳೂರು ಮುಟ್ಟಿಸುತ್ತದೆ. ದಾರಿಯಲ್ಲಿ ಒಂದು ಇಡೀ ಪ್ರಸಂಗ ಕೇಳಿ ಮುಗಿಸಬಹುದು. ಹೊಸ ಕಾಂಪೊನೆಂಟ್ ಸ್ಪೀಕರ್ ಹಾಕಿಸಿದ ತಂಗಿಯ ಮಗನ ದೂರು ಮಾತ್ರ ಬೇರೆ: "ಭಾಗವತರು ಹಾಡುವಾಗ ಚಂದ ಕೇಳ್ತದೆ ಮಾವ, ಚೆಂಡೆ ಶುರುವಾದ ಕೂಡ್ಲೇ ಸ್ವರ ಒಡೀತದೆ. ಸ್ಪೀಕರ್ 300 ವ್ಯಾಟಿಂದು, ಸ್ಟೀರಿಯೊ 50 ವ್ಯಾಟಿಂದು!"

ಎರಡೂ ಅಂಕಿ ಜಾಹೀರಾತಿನವು. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿರುವುದು ಕ್ಷಣಮಾತ್ರ ತಡೆಯಬಲ್ಲ ಗರಿಷ್ಠ ಶಕ್ತಿ. ಸಣ್ಣಕ್ಷರದಲ್ಲಿರುವ ಆರ್‌ಎಂಎಸ್ ಅಂಕಿಯೇ ದಿನನಿತ್ಯದ ಬಳಕೆಯದು. ಅವನ ಸ್ಪೀಕರಿಗೆ ಅದು 60. ಸ್ಟೀರಿಯೊದ ಕಥೆಯೂ ಅಷ್ಟೇ. ಎಂಜಿನ್ ಓಡುವಾಗ ಕಾರಿನಲ್ಲಿ ಸಿಗುವುದು ಸುಮಾರು 14 ವೋಲ್ಟ್. ಅಷ್ಟರಲ್ಲಿ 4 ಓಮ್ ಸ್ಪೀಕರಿಗೆ ಸ್ಪಷ್ಟವಾಗಿ ಕೊಡಬಹುದಾದದ್ದು ಚಾನೆಲ್‌ಗೆ 20 ವ್ಯಾಟ್ ಆಸುಪಾಸು, ಮೇಲೆ ಏನೇ ಬರೆದಿರಲಿ.

ಈಗ ಚೆಂಡೆಗೆ ಬರೋಣ. ಕಿವಿಯ ಲೆಕ್ಕ ವಿಚಿತ್ರ. ಶಕ್ತಿ ಇಮ್ಮಡಿಯಾದರೆ ಸದ್ದು ಏರುವುದು 3 ಡೆಸಿಬೆಲ್ ಮಾತ್ರ. 10 ಡೆಸಿಬೆಲ್ ಏರಬೇಕಾದರೆ ಹತ್ತು ಪಟ್ಟು ಶಕ್ತಿ ಬೇಕು. ಭಾಗವತರ ದನಿಗೆ 5 ವ್ಯಾಟ್ ಸಾಕಾಗಿದ್ದಾಗ, ಅದಕ್ಕಿಂತ 10 ಡೆಸಿಬೆಲ್ ಮೇಲೆ ಬೀಳುವ ಚೆಂಡೆಯ ಪೆಟ್ಟಿಗೆ 50 ವ್ಯಾಟ್ ಬೇಕು. ಸ್ಟೀರಿಯೊದಲ್ಲಿ ಅಷ್ಟಿಲ್ಲ. ಆಗ ಅಲೆಯ ತಲೆ ಕತ್ತರಿಸಿದಂತೆ ಚಪ್ಪಟೆಯಾಗುತ್ತದೆ. ಅದೇ ಕ್ಲಿಪ್ಪಿಂಗ್. ಕಿವಿಗೆ ಕರ್ಕಶ ಮಾತ್ರವಲ್ಲ, ಅದರಿಂದ ಹುಟ್ಟುವ ಹೆಚ್ಚಿನ ಶಕ್ತಿಯನ್ನು ಕ್ರಾಸ್‌ಓವರ್ ನೇರ ಪುಟ್ಟ ಟ್ವೀಟರಿಗೆ ಕಳಿಸುತ್ತದೆ. ದೊಡ್ಡ ಆಂಪ್ಲಿಫೈಯರ್ ಸ್ಪೀಕರ್ ಸುಡುತ್ತದೆ ಎಂದು ಹೆದರುವವರೇ ಹೆಚ್ಚು. ಚಿಕ್ಕದನ್ನು ತಾರಕಕ್ಕೆ ಏರಿಸಿ ಟ್ವೀಟರ್ ಸುಟ್ಟುಕೊಳ್ಳುವುದೂ ಉಂಟು.

ಹಾಗಾದರೆ ಎಷ್ಟು? ಸ್ಪೀಕರಿನ ಆರ್‌ಎಂಎಸ್‌ನಷ್ಟೇ, ಅಥವಾ ತುಸು ಹೆಚ್ಚು. 60ರ ಸ್ಪೀಕರಿಗೆ ಚಾನೆಲ್‌ಗೆ 60ರಿಂದ 75 ಕೊಡುವ ಆಂಪ್ಲಿಫೈಯರ್ ಸರಿ. ಆ ಅಂಕಿ 4 ಓಮ್‌ಗೆ ಹೇಳಿದ್ದೇ ಎಂದು ನೋಡಿ. 2 ಓಮ್‌ನ ಅಂಕಿ ತೋರಿಸಿ ಮಾರುವವರಿದ್ದಾರೆ.

ಗೇನ್ ಗುಂಡಿ ವಾಲ್ಯೂಮ್ ಅಲ್ಲ. ಸ್ಟೀರಿಯೊದ ಸಂಕೇತಕ್ಕೂ ಆಂಪ್ಲಿಫೈಯರಿಗೂ ಹೊಂದಾಣಿಕೆ ಮಾಡುವುದು ಅದರ ಕೆಲಸ. ಮೊದಲು ಗೇನ್ ಪೂರ್ತಿ ಇಳಿಸಿ. ಸ್ಟೀರಿಯೊ ವಾಲ್ಯೂಮ್ ಮುಕ್ಕಾಲಿಗೆ ಇಟ್ಟು ಗೇನನ್ನು ನಿಧಾನ ಏರಿಸಿ, ಸ್ವರ ಒಡೆದ ಕೂಡಲೇ ಸ್ವಲ್ಪ ಹಿಂದೆ ತಿರುಗಿಸಿ ಬಿಟ್ಟುಬಿಡಿ.

ವೈರಿನಲ್ಲಿ ಉಳಿತಾಯ ಬೇಡವೇ ಬೇಡ. 60 ವ್ಯಾಟಿನ ನಾಲ್ಕು ಚಾನೆಲ್ ಪೂರ್ತಿ ದುಡಿದರೆ 20 ಆಂಪಿಯರ್‌ಗೂ ಹೆಚ್ಚು ಕರೆಂಟ್ ಎಳೆಯುತ್ತದೆ. ಬ್ಯಾಟರಿಯಿಂದ ನೇರ ದಪ್ಪ ತಾಮ್ರದ ವೈರ್ ಬರಲಿ, ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ ಫ್ಯೂಸ್ ಇರಲಿ. ಎಲ್ಲಾದರೂ ವೈರ್ ಉಜ್ಜಿ ಕಾರಿನ ಲೋಹಕ್ಕೆ ತಾಗಿದರೆ ಬೆಂಕಿ ತಪ್ಪಿಸುವುದು ಆ ಫ್ಯೂಸೇ.

ಅಂಗಡಿಯವರು ಹಾಕುವ ಧಡಧಡ ಹಾಡಿಗೆ ಮರುಳಾಗಬೇಡಿ. ನಿಮ್ಮ ಮೆಚ್ಚಿನ ಪ್ರಸಂಗವನ್ನು ಪೆನ್‌ಡ್ರೈವಿನಲ್ಲಿ ಒಯ್ದು, ನೀವು ಕೇಳುವಷ್ಟೇ ಸದ್ದಿನಲ್ಲಿ ಹಾಕಿಸಿ. ಚೆಂಡೆಯ ಪ್ರತಿ ಪೆಟ್ಟೂ ಬಿಡಿಬಿಡಿಯಾಗಿ ಕೇಳಿಸಿದರೆ ದುಡ್ಡು ಕೊಡಿ.